ನಾಲ್ಕು ಓಟಿನ ಬೂತು

ಅಂಕೋಲಾ
೧೮-೪-೨೦೦೮

ಪ್ರೀತಿಯ ರಾಮನಾಥಣ್ಣನಿಗೆ ತಂಗಿ ಜಯಂತಿಯ ನಮಸ್ಕಾರ.

ನಿನ್ನ ಸೊಂಟದ ನೋವು ಹೇಗಿದೆ? ವಾಸ್ಕೋದಲ್ಲಿ ದಿನವಿಡೀ ಬಗ್ಗಿ ಬೋಟು ರಿಪೇರಿ ಮಾಡುವವನು ಪಟ್ಟಿ ಕಟ್ಟಿಕೊಳ್ಳುತ್ತೀಯೋ ಇಲ್ಲವೋ. ಅತ್ತಿಗೆಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ನಿಮ್ಮ ಪ್ರಗತಿ ಈ ವರ್ಷ ಹತ್ತನೆಯ ಪರೀಕ್ಷೆ ಬರೆದಿರಬೇಕು. ನಾಲ್ಕು ವರ್ಷವಾಯಿತು, ಅವಳು ಎಷ್ಟೆತ್ತರ ಬೆಳೆದಿದ್ದಾಳೆಂದು ನಮಗೆ ಗೊತ್ತಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವನ್ನಾದರೆ ಹರಿಯುವ ಮೊದಲು ಒಮ್ಮೆ ಓದುತ್ತೀ ಎಂದು ಬರೆಯುತ್ತಿದ್ದೇನೆ.

ಪೇಪರಿನಲ್ಲಿ ನೀನೂ ನೋಡಿರಬಹುದು, ಅಂಕೋಲಾ ವಿಧಾನಸಭಾ ಕ್ಷೇತ್ರ ಇನ್ನಿಲ್ಲ. ಪುನರ್ವಿಂಗಡಣೆಯಲ್ಲಿ ನಮ್ಮನ್ನು ಕಾರವಾರಕ್ಕೆ ಸೇರಿಸಿದ್ದಾರೆ. ಮುಂದಿನ ತಿಂಗಳ ಮತದಾನ ಆ ಲೆಕ್ಕದಲ್ಲೇ. ಅಪ್ಪ ಇದ್ದಿದ್ದರೆ ಕತ್ತರಿ ಹಿಡಿದು ಕೂತಿರುತ್ತಿದ್ದರು. ಅವರು ಪ್ರತಿ ಚುನಾವಣೆಯ ಫಲಿತಾಂಶವನ್ನು ಪೇಪರಿನಿಂದ ಕತ್ತರಿಸಿ ಅಂಟಿಸಿದ ಪುಸ್ತಕ ನನ್ನ ಹತ್ತಿರವೇ ಇದೆ. ಅವರಿಗೆ ಓದಲು ಬಾರದು, ನಾಲ್ಕನೆಯ ಇಯತ್ತೆಯಿಂದ ನಾನೇ ಓದಿ ಹೇಳುತ್ತಿದ್ದೆ. ಮನೆ ಬದಲಿಸದೆ ಮೂರು ರಾಜ್ಯಗಳಿಗೆ ಓಟು ಹಾಕಿದವನು ನಾನು ಎಂದು ಅವರಿಗೆ ದೊಡ್ಡಸ್ತಿಕೆ. ಐವತ್ತೆರಡರಲ್ಲಿ ಮುಂಬೈಗೆ, ಐವತ್ತೇಳರಿಂದ ಮೈಸೂರಿಗೆ, ಆಮೇಲೆ ಕರ್ನಾಟಕಕ್ಕೆ. ಆ ಪುಸ್ತಕದ ಕೊನೆಯ ಹಾಳೆ ಎರಡು ಸಾವಿರದ ನಾಲ್ಕನೆಯ ಇಸವಿಯದು. ಅದನ್ನು ಅಂಟಿಸಿದವಳು ನಾನು. ಪಕ್ಷೇತರರ ಪಟ್ಟಿಯ ಕೆಳಗಿನಿಂದ ಎರಡನೆಯ ಸಾಲಿನಲ್ಲಿ ನಿನ್ನ ಹೆಸರಿದೆ.

ನಿನ್ನೆ ಮೀನು ತಂದ ಕಾಶಿಬಾಯಿ ಬುಟ್ಟಿ ಇಳಿಸುತ್ತಲೇ, "ನಿನ್ನಣ್ಣ ಸೋತ ಕ್ಷೇತ್ರವನ್ನೇ ಸರ್ಕಾರದವ್ರು ಅಳಿಸಿ ಹಾಕಿದ್ರಂತಲ್ಲೇ ಜಯಂತಿ! ಈಗಾದ್ರೂ ಬರೂಕೆ ಹೇಳೆ ಅವಂಗೆ" ಎಂದಳು. ನಗು ಬಂತು, ಆಮೇಲೆ ಆ ದಿನದ ನೆನಪಾಯಿತು. ನಮ್ಮ ಕೇರಿಗೆ ದೋಣಿ ತಂದು ನಿಲ್ಲಿಸಲು ಒಂದು ಧಕ್ಕೆ ಬೇಕು, ಅದನ್ನು ಯಾರಾದರೂ ಬಾಯಿಬಿಟ್ಟು ಕೇಳಬೇಕು ಎಂದು ನೀನು ನಿಂತೆ. ಒಂದು ತುದಿಗೆ ಸಮುದ್ರ, ಇನ್ನೊಂದು ತುದಿಗೆ ಘಟ್ಟದ ಮೇಲಿನ ಯಲ್ಲಾಪುರದ ಕಡೆಯ ಹಳ್ಳಿಗಳು, ಅಷ್ಟು ದೊಡ್ಡ ಕ್ಷೇತ್ರದಲ್ಲಿ ಸೋಲುವುದು ನಿನಗೂ ಗೊತ್ತಿತ್ತು. ಸೋತದ್ದಕ್ಕೆ ನೀನು ಊರು ಬಿಟ್ಟವನಲ್ಲ. ಚೀಟಿಯ ಕಾಲದಲ್ಲಿ ಡಬ್ಬಿಗಳನ್ನು ಕಲಸಿ ಎಣಿಸುತ್ತಿದ್ದರು, ಯಾವ ಕೇರಿ ಯಾರಿಗೆ ಹಾಕಿತೆಂದು ತಿಳಿಯುತ್ತಿರಲಿಲ್ಲ. ಆ ಸಲ ಬಂದದ್ದು ಯಂತ್ರ. ಬೂತು ಬೂತಿನ ಲೆಕ್ಕ ಹೊರಗೆ ಬಿತ್ತು. ಮೀನಿನ ವಾಸನೆಗೇ ಮೂಗು ಮುಚ್ಚುವ ಘಟ್ಟದ ಒಂದು ಊರು ನಿನಗೆ ನಲವತ್ತೊಂದು ಓಟು ಕೊಟ್ಟಿತ್ತು. ನಮ್ಮ ಕೇರಿಯ ಬೂತಿನಲ್ಲಿ ನಾಲ್ಕು. ನಮ್ಮ ಮನೆಯಲ್ಲೇ ಹನ್ನೊಂದು ಓಟಿದ್ದವು. "ಮನೆಯವ್ರೇ ನನ್ನ ಮುಳುಗಿಸಿದ್ರಿ" ಎಂದು ಹೇಳಿ ಮರುದಿನ ಬೆಳಿಗ್ಗೆಯೇ ನೀನು ಹೆಂಡತಿ ಮಗಳನ್ನು ಕರೆದುಕೊಂಡು ಹೊರಟೆ. ಯಾರೂ ತಡೆಯಲಿಲ್ಲ. ತಡೆಯುವ ಮುಖ ಯಾರಿಗೂ ಇರಲಿಲ್ಲ.

ಕಾರಣ ಈಗ ಹೇಳುತ್ತೇನೆ, ಕೇಳು. ಹೊಸ ಬೋಟು ಇಳಿಸುವ ಮೊದಲು ದೇವಿಯಲ್ಲಿ ಪ್ರಸಾದ ಕೇಳುವಂತೆ ಆಯಿ ನಿನ್ನ ಚುನಾವಣೆಗೂ ಕೇಳಿಸಿದಳು. ಮಗ ಗೆದ್ದರೆ ಅವನಿಗೆ ಒಳ್ಳೆಯದೇ ಎಂದು. ದೇವಿಯ ಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಎಡಕ್ಕೆ ಬಿತ್ತು ಎಂದು ತಿಳಿದಾಗ ಆಯಿ ಅನ್ನ ಬಿಟ್ಟಳು. ಅಜ್ಜ ಎಡದ ಹೂವನ್ನು ಮೀರಿ ದೋಣಿ ಇಳಿಸಿ ತಿರುಗಿ ಬರಲಿಲ್ಲವೆಂಬುದನ್ನು ಕೇರಿಯ ಮಕ್ಕಳೂ ಬಲ್ಲರು. ನಿನಗೆ ಹೇಳಿದರೆ ನೀನು ಹಟಕ್ಕೆ ಬೀಳುತ್ತೀ ಎಂದು ನಮ್ಮಿಂದ ಆಣೆ ಮಾಡಿಸಿಕೊಂಡು, ಮತದಾನದ ಹಿಂದಿನ ದಿನ ಆಯಿ ಮನೆಮನೆಗೆ ಹೋಗಿ, "ನನ್ನ ಮಗ ಜೀವಂತ ಇರೂದು ಬೇಕಾದ್ರೆ ಅವಂಗೆ ಹಾಕಬೇಡಿ" ಎಂದು ಸೆರಗೊಡ್ಡಿ ಬೇಡಿದಳು. ಜನ ಅವಳ ಮಾತು ನಡೆಸಿದರು. ದ್ವೇಷಕ್ಕೆ ಒಬ್ಬರೂ ಹಾಗೆ ಮಾಡಲಿಲ್ಲ ಅಣ್ಣ.

ಈಗ ಆಯಿ ಒಂದೇ ಮಾತು ಹಿಡಿದಿದ್ದಾಳೆ. "ಅವ ಬರೂದಿಲ್ಲಾಂದ್ರೆ ನಾನೇ ಹೋಗ್ತೆ. ಕಾಲಿಗೆ ಬಿದ್ದು ತಪ್ಪಾಯ್ತು ಮಗಾ ಅಂತ ಹೇಳ್ತೆ. ಅದಕ್ಕೇನು ನಾಚಿಕೆ?" ಮುಂದಿನ ಭಾನುವಾರ, ಇಪ್ಪತ್ತೇಳಕ್ಕೆ, ಬೆಳಗಿನ ರೈಲಿಗೆ ಮಡಗಾಂವಿಗೆ ಬಂದು ಅಲ್ಲಿಂದ ಬಸ್ಸಿಗೆ ಬರುತ್ತಾಳೆ. ಜೊತೆಗೆ ನನ್ನ ಮಗ ರೋಷನ ಇರುತ್ತಾನೆ. ಅವಳ ಮಂಡಿ ಮೊದಲಿನಂತಿಲ್ಲ, ಮೆಟ್ಟಿಲಿದ್ದರೆ ಕೈ ಹಿಡಿ. ನಿನಗೆಂದು ಒಣ ಸಿಗಡಿ ಆರಿಸಿ ಕಟ್ಟಿಟ್ಟಿದ್ದಾಳೆ. ಬಾಗಿಲು ಮಾತ್ರ ಹಾಕಿಕೊಳ್ಳಬೇಡ.

ಅತ್ತಿಗೆಗೆ ನನ್ನ ನಮಸ್ಕಾರ, ಪ್ರಗತಿಗೆ ಅತ್ತೆಯ ಮುದ್ದು. ದೇವಿ ನಿಮ್ಮೆಲ್ಲರನ್ನೂ ಗಟ್ಟಿಯಾಗಿಟ್ಟಿರಲಿ.

ನಿನ್ನ ತಂಗಿ,
ಜಯಂತಿ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ದಿನ ಆಯಿಯ ಮಂಡಿ ಊದಿತ್ತು, ಪ್ರಸಾದ ಕೇಳಲು ಹೋದವಳು ನಾನೊಬ್ಬಳೇ. ಹೂವು ಬಲಕ್ಕೆ ಬಿದ್ದಿತ್ತು ಅಣ್ಣ. ಎಡಕ್ಕೆ ಎಂದು ಮನೆಯಲ್ಲಿ ಹೇಳಿದವಳು ನಾನು. ರೋಷನನ ಅಪ್ಪ ಕೆಲಸಕ್ಕಿದ್ದ ಐಸ್ ಫ್ಯಾಕ್ಟರಿಯ ಧಣಿ ಎದುರು ಪಕ್ಷದವನು. "ಈ ಸಲ ಮಿಷನ್ನು ಮಾರಾಯ, ನಿಮ್ಮ ಕೇರಿ ಓಟು ಎಣಿಸ್ಕಂಡೇ ನಿನ್ನ ಕೆಲಸದ ಮಾತು" ಎಂದಿದ್ದ. ರೋಷನ ಆಗಿನ್ನೂ ಶಾಲೆಯಲ್ಲಿದ್ದ, ನಾನು ಹೆದರಿದೆ. ಹೂವು ಇಟ್ಟ ಪೂಜಾರಿ ಗುನಗ ತೀರಿಹೋಗಿದ್ದಾನೆ, ಇದು ಬೇರೆ ಯಾರಿಗೂ ಗೊತ್ತಿಲ್ಲ. ಆಯಿಗೆ ಹೇಳಲು ನನಗೆ ಬಾಯಿ ಬರಲಿಲ್ಲ, ನೀನೇ ಹೇಳು. ಅವಳನ್ನು ಕಾಲಿಗೆ ಬೀಳಲು ಬಿಡಬೇಡ.