ಎರಡು ಗುಂಪು, ಒಂದು ಮಂಡಿನೋವು

ರೀ,

ವಾಕಿಂಗ್ ಮುಗಿಸಿ ಬಂದವರು ಮೊದಲು ಹಾಲು ಕಾಯಿಸಿ, ಒಡೆದುಹೋದೀತು. ರೊಟ್ಟಿ ಡಬ್ಬಿಯಲ್ಲಿದೆ, ಶೇಂಗಾ ಚಟ್ನಿ ಪಕ್ಕದಲ್ಲೇ ಇದೆ. ನಾನು ನಿಂಗಕ್ಕನ ಜೊತೆ ಚಿತ್ರದುರ್ಗಕ್ಕೆ ಹೊರಟಿದ್ದೇನೆ.

ನಿಮ್ಮ ರೈಲ್ವೆ ನಿವೃತ್ತರ ವಾಟ್ಸಾಪ್ ಗುಂಪಿಗೆ ನಮ್ಮ ಅಂಗನವಾಡಿ ಟೀಚರುಗಳ ಗುಂಪನ್ನು ಸೇರಿಸಬೇಡಿ ಎಂದು ಎಷ್ಟು ಹಾರಾಡಿದೆ! ಗಂಡಸರ ಮುಂದೆ ನಾವು ಬಾಯಿ ಬಿಡುವುದು ಹೇಗೆ ಎಂದೆ. ನೀವು ನಮ್ಮ ಅಡ್ಮಿನ್ ನಿಂಗಕ್ಕನನ್ನು ಒಪ್ಪಿಸಿ, ನಿನ್ನೆ ಸಂಜೆ ಸೇರಿಸಿಯೇ ಬಿಟ್ಟಿರಿ.

ಐದೇ ನಿಮಿಷಕ್ಕೆ ನಿಮ್ಮ ಪಾಯಿಂಟ್ಸ್‌ಮನ್ ಕೆಂಚಣ್ಣ, "ಅನುಸೂಯಕ್ಕ, ಮಂಡಿನೋವು ಹೆಂಗೈತ್ರಿ?" ಎಂದು ಕೇಳಿದರು. ಅವರ ಹಿಂದೆಯೇ ಇನ್ನೂ ಏಳು ಜನ ಕೇಳಿದರು. ಯಾವ ಎಣ್ಣೆ ಹಚ್ಚಬೇಕು, ಯಾವ ಡಾಕ್ಟರಿಗೆ ತೋರಿಸಬೇಕು ಎಂದು ಮೂರು ತಿಂಗಳಿಂದ ನೀವು ಅಲ್ಲಿ ವಿಚಾರಿಸುತ್ತಿದ್ದಿರಂತೆ. ಮನೆಯಲ್ಲಿ ಮಾತ್ರ "ಓಡಾಡ್ತಿರು, ಸರಿಹೋಗ್ತೈತೆ" ಎಂದು ಪೇಪರ್ ಹಿಡಿದು ಕೂರುತ್ತಿದ್ದಿರಿ!

ಕೆಂಚಣ್ಣನ ಮಗಳು ದುರ್ಗದಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ, ಇವತ್ತೇ ಬರಲು ಹೇಳಿದ್ದಾಳೆ. ನಿಂಗಕ್ಕನಿಗೂ ಮಂಡಿನೋವಂತೆ. ಇಷ್ಟು ವರ್ಷ ಒಂದೇ ಗುಂಪಿನಲ್ಲಿದ್ದು ನಾವಿಬ್ಬರೂ ಬರೀ ಹೂವಿನ ಚಿತ್ರ ಕಳಿಸಿಕೊಂಡಿದ್ದೆವು ನೋಡಿ.

ಸಿಟ್ಟು ಬಂದಿದ್ದು ನಿಜ. ಆದರೆ ಅದನ್ನೆಲ್ಲ ಓದುತ್ತಾ ಮನಸ್ಸು ತುಂಬಿ ಬಂತು ಕಣ್ರೀ. ಎದುರಿಗೆ ಹೇಳುವುದು ನಿಮ್ಮ ಹಾಗೆ ನನಗೂ ಬರುವುದಿಲ್ಲ, ಅದಕ್ಕೇ ಈ ಚೀಟಿ.

ಬಟ್ಟೆ ಒಣಗಿದ ಮೇಲೆ ಒಳಗೆ ತಂದಿಡಿ. ಸಂಜೆ ನಾನು ಬಂದಾಗ, ಮಂಡಿ ಹೇಗಿದೆ ಎಂದು ನನ್ನನ್ನೇ ಕೇಳಿ. ಗುಂಪಿನಲ್ಲಿ ಕೇಳಬೇಡಿ.

ಅನುಸೂಯ