ಎಡಗೈಯ ಸ್ವರಗಳು

ಜೆ.ಪಿ. ನಗರ, ಗುರುವಾರ

ಪ್ರೀತಿಯ ಜಯದೇವಿ ಮಿಸ್,

ನಿಮ್ಮ ಪಿಯಾನೋ ರೆಕಾರ್ಡಿಂಗನ್ನು ಮತ್ತೆ ಮಿಕ್ಸ್ ಮಾಡಿ ಕಳಿಸಿದ್ದೇನೆ. ಮೊದಲ ಸಲ, ನುಡಿಸುವವರಿಗೆ ಕೇಳಿಸುವಂತೆ ಇರಲಿ ಎಂದು ಎಡಗೈ ನುಡಿಸುವ ತಗ್ಗಿನ ಸ್ವರಗಳನ್ನೆಲ್ಲ ಎಡಗಿವಿಗೆ, ಬಲಗೈಯ ಮೇಲಿನವನ್ನೆಲ್ಲ ಬಲಗಿವಿಗೆ ಇಟ್ಟಿದ್ದೆ. ನೀವು ಹೆಡ್‌ಫೋನ್ ಹಾಕಿಕೊಂಡು, "ನನ್ನ ಎಡಗೈ ಎಲ್ಲಿ ಹೋಯ್ತೇ ವನಿತಾ?" ಎಂದಿರಿ. ನಾನೊಬ್ಬಳು ಮೊದ್ದು, ಹೆಡ್‌ಫೋನ್ ಕೆಟ್ಟಿದೆ ಎಂದು ವಾದಿಸಿದೆ. ಮನೆಗೆ ತಂದು ನೋಡಿದರೆ ಎರಡೂ ಕಡೆ ಸರಿಯಾಗಿತ್ತು. ಹತ್ತು ವರ್ಷ ನನ್ನನ್ನು ನಿಮ್ಮ ಬಲಗಡೆಯೇ ಯಾಕೆ ಕೂರಿಸಿಕೊಂಡಿರಿ ಎಂದು ಆಗ ಹೊಳೆಯಿತು.

ಈಗ ಇಡೀ ಪಿಯಾನೋವನ್ನು ನಡುವಿಗೆ ತಂದಿದ್ದೇನೆ. ಒಂದೇ ಕಿವಿಯಲ್ಲಿ ಕೇಳಿದರೂ ಎರಡೂ ಕೈ ಸಿಗುತ್ತವೆ. ಆ ಒಂದೇ ಕಿವಿಯಲ್ಲಿ ನನ್ನ ಒಂದು ತಪ್ಪನ್ನೂ ಬಿಡಲಿಲ್ಲವಲ್ಲ ನೀವು, ಅದಕ್ಕೆ ಏನೆಂದು ಥ್ಯಾಂಕ್ಸ್ ಹೇಳಲಿ?

ಕೇಳಿ, ಫೋನ್ ಮಾಡಿ. ಭಾನುವಾರ ಬರುತ್ತೇನೆ. ನನ್ನ ಸ್ಟೂಲು ಬಲಗಡೆಯೇ ಇರಲಿ.

ನಿಮ್ಮ
ವನಿತಾ