ಒಡೆಯದೆ ಇಟ್ಟ ಕಾಗದ

ಮಾರ್ಚ್ ೧೯

ಪ್ರೀತಿಯ ಗಿಲಕಿ,

ಹೇಗಿದ್ದೀಯ ಎಂದು ಕೇಳಲೂ ನನಗೆ ಮುಖವಿಲ್ಲ. ನಿನ್ನ ಕಾಗದ ಬಂದು ತಿಂಗಳಾಯಿತು, ಇನ್ನೂ ಒಡೆದಿಲ್ಲ. ಮೊದಲು ಬೈದುಕೋ, ಆಮೇಲೆ ಕಾರಣ ಕೇಳು. ನೀನು ನಗಿಸುತ್ತೀಯ, ನಕ್ಕರೆ ನನಗೆ ಮೂತ್ರ ಸೋರುತ್ತದೆ.

ಜನವರಿಯಲ್ಲಿ ನೀನು ಬರೆದಿದ್ದೆಯಲ್ಲ, ನಿಮ್ಮ ಮ್ಯಾನೇಜರರ ವಿಗ್ಗು ಫ್ಯಾನಿಗೆ ಸಿಕ್ಕ ಕಥೆ, ಅದನ್ನು ನಿಲ್ದಾಣದಲ್ಲಿ ಮೈಕಿನಲ್ಲಿ ರೈಲುಗಳ ಹೊತ್ತು ಕೂಗುವ ನನ್ನ ಗೂಡಿನಲ್ಲೇ ಓದಿದೆ. ಕುರ್ಚಿಯೆಲ್ಲ ಒದ್ದೆ. ಪಾಳಿ ಬದಲಿಸಲು ಬಂದವಳಿಗೆ ನೀರಿನ ಬಾಟಲಿ ಉರುಳಿತು ಎಂದೆ. ಅವಳು ಬಾಟಲಿ ನೋಡಿದಳು. ಅದು ತುಂಬಿತ್ತು. ಕಿಟಕಿ ತೆರೆದಳು.

ಕೊನೆಗೆ ಡಾಕ್ಟರಮ್ಮನ ಹತ್ತಿರ ಹೋದೆ. "ನಕ್ಕಾಗ, ಕೆಮ್ಮಿದಾಗ ಸೋರೋದು ಒಂದು. ತಡೆಯೋಕಾಗದೆ ಓಡೋದು ಇನ್ನೊಂದು. ನಿಮಗೆ ಎರಡೂ ಇದೆ" ಎಂದರು. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮದಿಂದ ತೊಂದರೆಯಿಲ್ಲ, ಆದರೆ ಮೂರು ತಿಂಗಳು ಬಿಡದೆ ಮಾಡಬೇಕು. ಮಾತ್ರೆ ಆ ಓಟವನ್ನು ತಗ್ಗಿಸುತ್ತದೆ, ಜೊತೆಗೆ ಬಾಯಿಯನ್ನೂ ಒಣಗಿಸುತ್ತದೆ. ನನ್ನ ಹೊಟ್ಟೆಪಾಡೇ ಬಾಯಿ. ಆಪರೇಷನ್ ಮಾಡಿ ಮೂತ್ರನಾಳಕ್ಕೆ ಆಸರೆಯಾಗಿ ಒಳಗೆ ಪಟ್ಟಿ ಕೂರಿಸಿದರೆ ನಕ್ಕಾಗ ಸೋರುವುದು ಬಹುಮಟ್ಟಿಗೆ ನಿಲ್ಲುತ್ತದಂತೆ. ಆದರೆ ಕೆಲವರಿಗೆ ನೋವು ಉಳಿಯುತ್ತದೆ, ಕೆಲವರಿಗೆ ಮೂತ್ರವೇ ಸಲೀಸಾಗಿ ಹೋಗುವುದಿಲ್ಲವಂತೆ. ನಮ್ಮ ಮನೆಯವರು, "ಈ ವಯಸ್ಸಲ್ಲಿ ಯಾಕೆ ಕುಯ್ಯಿಸ್ಕೊಳ್ತೀಯ? ನಗೋದು ಕಮ್ಮಿ ಮಾಡು" ಎಂದರು. ಕಮ್ಮಿ ಮಾಡಿದ್ದೇನೆ. ಕಷ್ಟವೇನೂ ಆಗಲಿಲ್ಲ.

"ಇದರಿಂದ ಏನೇನು ಬಿಟ್ಟಿದೀರಿ?" ಎಂದು ಡಾಕ್ಟರಮ್ಮ ಕೇಳಿದರು. "ಒಂದು ಕಾಗದ ಓದೋದು ಬಿಟ್ಟಿದೀನಿ" ಎಂದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ.

ಸದ್ಯಕ್ಕೆ ವ್ಯಾಯಾಮವೇ ಇರಲಿ ಎಂದುಕೊಂಡಿದ್ದೇನೆ. ಕಾದರೆ ಕಳೆದುಕೊಳ್ಳುವುದೇನೂ ಇಲ್ಲ. ಜೂನ್ ಹೊತ್ತಿಗೆ ನಿನ್ನನ್ನು ಓದುವಷ್ಟಾದರೂ ಗಟ್ಟಿಯಾದೇನು.

ಮಗಳಿಗೆ ನನ್ನ ಆಶೀರ್ವಾದ ಹೇಳು. ನೀನು ನೂರು ಕಾಲ ಹೀಗೇ ಗಲಗಲ ಅನ್ನುತ್ತಿರು.

ನಿನ್ನ,
ಮೈಕು

ತಾ.ಕ.: ವಿಳಾಸ ನೋಡಿ ಬರೆಯಲೆಂದು ನಿನ್ನ ಲಕೋಟೆ ತೆಗೆದೆ. ಮನೆಯಲ್ಲಿ ಯಾರೂ ಇರಲಿಲ್ಲ. ಟವೆಲ್ ಹಾಸಿಕೊಂಡು ಕೂತು ಒಡೆದೆ. ಟವೆಲ್ ಬೇಕಾಗಲಿಲ್ಲ. ಮಾರ್ಚ್ ಎಂಟಕ್ಕೆ ನಿನ್ನ ಎಡಗಡೆಯ ಸ್ತನ ತೆಗೆಯುತ್ತಾರೆ ಎಂದು ಬರೆದಿದ್ದೀಯ. "ಫೋನಲ್ಲಿ ಹೇಳಿದ್ರೆ ಅತ್ತುಬಿಡ್ತೀನಿ ಕಣೆ. ಹಿಂದಿನ ದಿನವೇ ಬಾ, ಇಬ್ಬರೂ ನಗ್ತಾ ಕೂರೋಣ." ಇವತ್ತು ಹತ್ತೊಂಬತ್ತು. ನನಗೆ ಅಳುವೂ ಬರುತ್ತಿಲ್ಲ. ಫೋನ್ ಮಾಡುವ ಧೈರ್ಯವಿಲ್ಲ. ಇದನ್ನು ಅಂಚೆಗೆ ಹಾಕುವುದಿಲ್ಲ, ನಾಳೆ ಬೆಳಗಿನ ಗಾಡಿಗೆ ನಾನೇ ತರುತ್ತೇನೆ. ಬಾಗಿಲು ತೆಗೆಯುವುದು ನೀನೋ ಮಗಳೋ ಗೊತ್ತಿಲ್ಲ. ನೀನೇ ಆದರೆ, ನಗಿಸು. ಸೋರಿದರೆ ಸೋರಲಿ.